ಕನ್ಸಲ್ಟಿಂಗ್ ಬಿಟ್ಟು ಪ್ರಾಡಕ್ಟ್‌ಗೆ, ಅದೂ ನಲವತ್ತು ದಾಟಿದ ಮೇಲೆ

ಕನ್ಸಲ್ಟೆಂಟ್ ಆಗಿದ್ದ ನಾನು ಪ್ರಾಡಕ್ಟ್ ಮ್ಯಾನೇಜರ್ (ಪಿಎಂ), ಅಂದರೆ ಸಾಫ್ಟ್‌ವೇರ್‌ನಲ್ಲಿ ಏನಿರಬೇಕು ಅಂತ ನಿರ್ಧರಿಸುವವನು, ಆಗಲು ಹೊರಟಾಗ ಈ ವಯಸ್ಸಿಗೆ ಆಗುವ ಮಾತಲ್ಲ ಅಂದವರೇ ಹೆಚ್ಚು. ಆದರೂ ಆಯಿತು. ಅದೇ ದಾರಿಯಲ್ಲಿರುವ ಕನ್ಸಲ್ಟೆಂಟ್‌ಗಳಿಗಾಗಿ ಇದು. ಪಿಆರ್‌ಡಿ (ಪ್ರಾಡಕ್ಟ್ ಏನು ಮಾಡಬೇಕು ಅನ್ನುವ ದಾಖಲೆ), ಬ್ಯಾಕ್‌ಲಾಗ್ (ಮಾಡಬೇಕಾದ ಕೆಲಸಗಳ ಪಟ್ಟಿ) ಇವನ್ನೆಲ್ಲ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ಪ್ರಾಡಕ್ಟ್ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟ್‌ಗೆ ಸುರಿದ ದುಡ್ಡು ಪೂರ್ತಿ ದಂಡ. ಸಂದರ್ಶನದಲ್ಲಿ ಒಬ್ಬರೂ ಅದರ ಮಾತೆತ್ತಲಿಲ್ಲ. ಹೆಸರುವಾಸಿ ಆ್ಯಪ್‌ಗಳಿಗೆ ಅರ್ಜಿ ಹಾಕುವುದೂ ವ್ಯರ್ಥ: ಅಲ್ಲಿ ಐದಾರು ವರ್ಷ ಪಿಎಂ ಆಗಿಯೇ ಪಳಗಿದವರ ಜೊತೆ ಪೈಪೋಟಿ. ನಮಗೆ ಬೆಲೆ ಇರುವುದು, ಕ್ಲೈಂಟ್‌ಗಳ ಬಳಿ ಕೂತು ನಾವು ಅಳವಡಿಸಿದೆವಲ್ಲ, ಅಂಥ ಸಾಫ್ಟ್‌ವೇರ್ ತಯಾರಿಸುವ ಕಂಪನಿಗಳಲ್ಲಿ. ನನ್ನದು ಖರೀದಿ ಮತ್ತು ಬಿಲ್ ಪಾವತಿಯ ಸಾಫ್ಟ್‌ವೇರ್.

ಬಾಗಿಲು ತೆರೆಸಿದ್ದು ನಾನು ಮಾಡಿದ ಒಂದು ಚಿಕ್ಕ ಟೂಲ್. ಖರೀದಿ ಆದೇಶ, ಸರಕು ರಸೀದಿ, ಬಿಲ್, ಈ ಮೂರನ್ನೂ ತಾಳೆ ನೋಡಿ ವ್ಯತ್ಯಾಸ ತೋರಿಸುತ್ತದೆ, ಅಷ್ಟೇ. ಫೈಲ್ ಅಪ್‌ಲೋಡ್ ಹಂತದಲ್ಲೇ ಮೂರರಲ್ಲಿ ಎರಡು ಪಾಲು ಜನ ಬಿಟ್ಟುಹೋಗುತ್ತಿದ್ದರು. ಕಾರಣ ಡಿಸೈನ್ ಅಲ್ಲ. ಇಆರ್‌ಪಿಯಿಂದ (ಕಂಪನಿಯ ಖರೀದಿ, ಲೆಕ್ಕಪತ್ರ ಎಲ್ಲ ನಡೆಯುವ ಸಾಫ್ಟ್‌ವೇರ್) ತೆಗೆದ ಫೈಲ್‌ನ ಮೇಲಿನ ಎರಡು ಮೂರು ಸಾಲುಗಳಲ್ಲಿ ವರದಿಯ ಹೆಸರು, ದಿನಾಂಕ ಇರುತ್ತವೆ. ಕಾಲಂ ಹೆಸರುಗಳು ಶುರುವಾಗುವುದು ಅದರ ಕೆಳಗೆ. ಟೂಲ್ ಮೊದಲ ಸಾಲನ್ನೇ ಹೆಡರ್ ಅಂದುಕೊಂಡು ಕೈಚೆಲ್ಲುತ್ತಿತ್ತು. ಹೆಡರ್ ಸಾಲನ್ನು ತಾನೇ ಹುಡುಕುವಂತೆ ಮಾಡಿದ ಮೇಲೆ ಅರ್ಧಕ್ಕಿಂತ ಹೆಚ್ಚು ಜನ ದಾಟಿದರು. ಎರಡು ಪುಟದಲ್ಲಿ ಬರೆದ ಈ ಕಥೆ, ಜೊತೆಗೆ ಆ ಅಂಕಿಗಳನ್ನು ತೆಗೆದ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಕೋಡ್), ನೂರು ಸ್ಲೈಡ್ ಮಾಡದ ಕೆಲಸ ಮಾಡಿತು.

ನಡುವೆ ಎರಡು ಬಟನ್‌ಗಳ ಎ/ಬಿ ಟೆಸ್ಟ್‌ಗೂ (ಅರ್ಧ ಜನರಿಗೆ ಒಂದು, ಉಳಿದವರಿಗೆ ಇನ್ನೊಂದು ತೋರಿಸಿ ಹೋಲಿಸುವುದು) ಕೈ ಹಾಕಿದ್ದೆ, ಆಮೇಲೆ ಕೈಬಿಟ್ಟೆ. 5% ಕನ್ವರ್ಷನ್ (ನೋಡಿದವರಲ್ಲಿ ಬಟನ್ ಒತ್ತಿದವರ ಪಾಲು) 5.5%ಕ್ಕೆ ಏರಿತೇ ಅಂತ ನಂಬುವ ಮಟ್ಟಿಗೆ ತಿಳಿಯಲು ಒಂದೊಂದು ಬಟನ್‌ಗೂ ಸುಮಾರು 30,000 ಜನ ಬೇಕು. ನಮ್ಮ ಬಳಿ ಇರುವುದು ಹತ್ತಿಪ್ಪತ್ತು ಮಂದಿಯಾದರೆ, ಐವರು ಬಳಸುವುದನ್ನು ಪಕ್ಕದಲ್ಲಿ ಕೂತು ನೋಡುವುದೇ ಲಾಭ.

ರೆಸ್ಯೂಮೆಯಲ್ಲಿ ‘ಶಿಫಾರಸು ಮಾಡಿದೆ’ ಅನ್ನುವ ಸಾಲುಗಳೆಲ್ಲ ಹೋಗಲಿ. ಏನನ್ನು ಕೈಬಿಟ್ಟಿರಿ, ಯಾಕೆ, ಜಾರಿಗೆ ಬಂದ ಮೇಲೆ ಯಾವ ಅಂಕಿ ಕದಲಿತು, ಅದು ಬರಲಿ. ಸಂದರ್ಶನದಲ್ಲಿ ನಮ್ಮವರು ಎಡವುವುದು ಒಂದೇ ಕಡೆ: ಪ್ರಶ್ನೆ ಕೇಳಿದ ಕೂಡಲೇ ಎಲ್ಲ ಸಾಧ್ಯತೆಗಳ ಮರ ಬಿಡಿಸಲು ಕೂರುತ್ತಾರೆ. ಮೊದಲ ಎರಡು ನಿಮಿಷದೊಳಗೆ ಒಬ್ಬ ಬಳಕೆದಾರ, ಅವನ ಒಂದು ತೊಂದರೆ ಆರಿಸಿಬಿಡಿ. ಮೆಟ್ರಿಕ್ (ಯಶಸ್ಸು ಅಳೆಯುವ ಅಂಕಿ) ಹೇಳುವಾಗ ಅದರಿಂದ ಕೆಡಬಹುದಾದ ಇನ್ನೊಂದನ್ನೂ ಹೇಳಿ. ಮಾರುಕಟ್ಟೆ ಗಾತ್ರದ ಲೆಕ್ಕವಂತೂ ನಮಗೆ ಎಡಗೈ ಕೆಲಸ.

ಇನ್ನು ಸಂಬಳ. ಮೂಲ ವೇತನ ಐದನೇ ಒಂದು ಭಾಗ ಇಳಿಯಿತು, ಹುದ್ದೆ ಒಂದು ಮೆಟ್ಟಿಲು ಕೆಳಗೆ. ಷೇರು ಕೊಡುತ್ತಾರೆ, ಆದರೆ ಸಾಮಾನ್ಯವಾಗಿ ನಾಲ್ಕು ವರ್ಷಕ್ಕೆ ಹಂಚಿ. ಮೊದಲ ವರ್ಷ ತುಂಬುವ ಮುಂಚೆ ಬಿಟ್ಟರೆ ಒಂದೂ ಸಿಗದು. ಮನೆ ಖರ್ಚಿನ ಲೆಕ್ಕದಲ್ಲಿ ಅದನ್ನು ಸೊನ್ನೆ ಅಂತಲೇ ಹಿಡಿಯಿರಿ. ಸಂಬಳಕ್ಕೆ ಹಗ್ಗಜಗ್ಗಾಟ ಮಾಡುವ ಬದಲು, ಹುದ್ದೆಯ ಮರುಪರಿಶೀಲನೆ ಆರು ತಿಂಗಳಿಗೇ ಆಗಬೇಕು ಅಂತ ಆಫರ್ ಲೆಟರ್‌ನಲ್ಲೇ ಬರೆಸಿಕೊಳ್ಳಿ. ಬಾಯಿಮಾತಿಗೆ ಒಪ್ಪಿಕೊಂಡ ಮ್ಯಾನೇಜರ್ ಅಷ್ಟರೊಳಗೆ ಬೇರೆ ಟೀಮ್‌ಗೆ ಹೋಗಿರುತ್ತಾರೆ.