ನೆರಳಿಲ್ಲದೆ ಬರೆದ ಚಕ್ರವರ್ತಿಯ ಮುಖ

ನೆರಳು ಕೊಡದೆ ಮುಖ ಎದ್ದು ನಿಲ್ಲುವುದಿಲ್ಲ ಅಂತ ನನ್ನ ಜೊತೆ ಚಿತ್ರ ಬರೆಯುವವರೆಲ್ಲ ಹೇಳಿದ್ದರು. ಈಗ ನಿಂತಿದೆ. ಚೀನಾದ ಮಿಂಗ್ ವಂಶದ ಮೊದಲ ಚಕ್ರವರ್ತಿ ಹೋಂಗ್‌ವು ಮುಖ, ರೇಷ್ಮೆಯ ಮೇಲೆ, ಒಂದೂವರೆ ಅಡಿ ಎತ್ತರ. ಮೂಲಚಿತ್ರ ತೈಪೆಯ ರಾಷ್ಟ್ರೀಯ ಅರಮನೆ ಮ್ಯೂಸಿಯಂನಲ್ಲಿದೆ. ನಾನು ಅದರ ದೊಡ್ಡ ಫೋಟೊ ಇಟ್ಟುಕೊಂಡು ಬರೆದೆ. ಕೈಗೂಡಿದ್ದು ಐದನೇ ಸಲ.

ಮೊದಲ ಮೂರು ರೇಷ್ಮೆ ಹಾಳಾಗಿದ್ದು ಪಟಿಕದಿಂದ. ಬಣ್ಣ ಹರಡಬಾರದು ಅಂತ ಅಂಟಿನ ನೀರಿಗೆ ಪಟಿಕ ಜಾಸ್ತಿ ಹಾಕಿದೆ. ಬಟ್ಟೆ ಹಪ್ಪಳದ ಹಾಗೆ ಗಟ್ಟಿಯಾಗಿ ಅಂಚಿನಲ್ಲಿ ಬಿರಿಯಿತು. ಕಮ್ಮಿ ಮಾಡಿದರೆ ಜುಲೈ ಮಳೆಯಲ್ಲಿ ಅಂಟು ಒಣಗದೆ ವಾಸನೆ ಬಂತು. ರೇಷ್ಮೆ, ಇಂಗಲೀಕದ ಕೆಂಪು ಬಣ್ಣ, ಬ್ರಷ್ ಎಲ್ಲ ಸೇರಿ ಹೆಚ್ಚುಕಮ್ಮಿ 14,000 ರೂಪಾಯಿ ಹೋಯಿತು. ಮನೆಯಲ್ಲಿ ಉತ್ತರ ಹೇಳುವುದು ಕಷ್ಟವಾಯಿತು. ಈಗ ಮಳೆಗಾಲಕ್ಕೆ ಒಂದು ಅಳತೆ, ಬೇಸಿಗೆಗೆ ಒಂದು ಇಟ್ಟುಕೊಂಡಿದ್ದೇನೆ. ಎರಡು ವರ್ಷ ತಿಂದ ಅಳತೆ, ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ನಾಲ್ಕನೆಯದನ್ನು ಕೆಡಿಸಿದ್ದು ನನ್ನ ಹಳೆಯ ಅಭ್ಯಾಸ. ಬಿಳಿಯನ್ನು ಮುಂದಿನಿಂದ ಬಳಿದು ಮೂಗಿನ ಒಂದು ಪಕ್ಕ ನೆರಳು ಕೊಟ್ಟೆ. ಸುಣ್ಣದ ಗೋಡೆ ಹಾಗಾಯಿತು. ಚೀನಾದ ಚಿತ್ರಗಾರರು ಬಿಳಿಯನ್ನು ರೇಷ್ಮೆಯ ಬೆನ್ನಿಗೂ ಬಳಿಯುತ್ತಿದ್ದರು. ಅವರದು ಸೀಸದ ಬಿಳಿ. ಅದು ವಿಷ, ಐದನೇ ಸಲ ನಾನು ಬೆನ್ನಿಗೆ ಝಿಂಕ್ ಬಿಳಿ ಹಾಕಿದೆ. ಅದಕ್ಕೆ ಇನ್ನೊಂದು ಸಾಮಾನು ಬೆರೆಸುತ್ತೇನೆ, ಅದೂ ನನ್ನಲ್ಲೇ ಇರಲಿ. ಮುಂದಿನಿಂದ ಬರೀ ತೆಳು ಕಾವಿ ನೀರು, ಪದರದ ಮೇಲೆ ಪದರ. ಮಿಂಗ್ ಕಾಲದ ಕೊನೆಯಲ್ಲಿದ್ದ ಚಿತ್ರಗಾರ ಝೆಂಗ್ ಜಿಂಗ್ ಒಂದು ಮುಖಕ್ಕೆ ಹತ್ತಾರು ಪದರ ಹಾಕುತ್ತಿದ್ದ ಅಂತ ದಾಖಲೆ ಇದೆ. ನಾನು 22ರವರೆಗೆ ಎಣಿಸಿ ಲೆಕ್ಕ ಬಿಟ್ಟೆ.

ಕಾವಿ ಎಲ್ಲಿಗೆ ಎಷ್ಟು? ಇದನ್ನು ಚೀನಾದ ಮುಖಲಕ್ಷಣದಿಂದ ಕಲಿತೆ. ಅವರ ಪ್ರಕಾರ ಮುಖದಲ್ಲಿ ಐದು ಪರ್ವತ. ಹಣೆ ದಕ್ಷಿಣದ್ದು, ಗದ್ದ ಉತ್ತರದ್ದು, ಕೆನ್ನೆಮೂಳೆಗಳು ಪೂರ್ವ ಪಶ್ಚಿಮದವು, ನಡುವೆ ಮೂಗು. ಬೆಳಕು ಯಾವ ಕಡೆಯಿಂದ ಅಂತ ಕೇಳಲೇಬಾರದು. ಬೆಟ್ಟದ ನೆತ್ತಿಗೆ ಕಾವಿ ಕಮ್ಮಿ, ಕಣಿವೆಗೆ ಜಾಸ್ತಿ. ಕಣ್ಣಿನ ಗುಳಿ, ಮೂಗಿನ ಎರಡೂ ಅಂಚು, ತುಟಿಯ ಕೆಳಗೆ. ಹಾಗೆ ಮಾಡಿದ ದಿನವೇ ಮುಖ ತುಂಬಿಕೊಂಡಿತು. 1715ರಲ್ಲಿ ಚೀನಾಕ್ಕೆ ಬಂದ ಇಟಲಿಯ ಚಿತ್ರಗಾರ ಕ್ಯಾಸ್ಟಿಲಿಯೋನೆ ಕೂಡ ಮಿಂಗ್ ನಂತರದ ಚಿಂಗ್ ವಂಶದ ಚಿಯೆನ್‌ಲಾಂಗ್ ಚಕ್ರವರ್ತಿಯ ಮುಖಕ್ಕೆ ಕಪ್ಪು ನೆರಳು ಹಾಕಲಿಲ್ಲ. ಯುರೋಪಿನ ನೆರಳು ಬೆಳಕು ಕಲಿತು ಬಂದವನೇ ಬಿಟ್ಟ ಮೇಲೆ ನಾನು ಹಿಡಿದುಕೊಂಡು ಕೂರಬೇಕಾ?

ಹೋಂಗ್‌ವುಗೆ ಇನ್ನೊಂದು ಮುಖವೂ ಇದೆ, ನೋಡಿರುತ್ತೀರಿ ಅಲ್ವಾ? ಮುಂದಕ್ಕೆ ಚಾಚಿದ ಗದ್ದ, ಮುಖದ ತುಂಬ ಮಚ್ಚೆ. ಅಂಥ ಚಿತ್ರಗಳೂ ಹಲವು ಉಳಿದಿವೆ. ಸುಮ್ನೆ ಒಂದು ಕಾಗದದ ಮೇಲೆ ಬರೆದು ನೋಡಿದೆ. ಹಲವರು ಅದನ್ನು ಅಣಕ ಅನ್ನುತ್ತಾರೆ. ಕೈಯಲ್ಲಿ ಬರೆದವನಿಗೆ ಹಾಗನಿಸಲಿಲ್ಲ. ಉತ್ತರದ ಬೆಟ್ಟವನ್ನು ದಕ್ಷಿಣದ ಬೆಟ್ಟಕ್ಕೆ ಎದುರಾಗುವಷ್ಟು ಎತ್ತಿದ್ದಾರೆ. ಬಡ ರೈತನ ಮಗ, ಮಠದಲ್ಲಿದ್ದು ಭಿಕ್ಷೆ ಬೇಡಿದವನು 1368ರಲ್ಲಿ ಪಟ್ಟಕ್ಕೆ ಬಂದ. ಅದಕ್ಕೆ ಕಾರಣವನ್ನು ಜನ ಅವನ ಮುಖದಲ್ಲೇ ಹುಡುಕಿದ್ದಾರೆ ಅಂತ ನನ್ನ ನಂಬಿಕೆ.

ಕಣ್ಣು, ಗಡ್ಡದ ಎಳೆಗಳನ್ನು ಕೊನೆಗೆ ಬರೆದೆ. ಆಗೋದಿಲ್ಲ ಅಂದಿದ್ದ ಗೆಳೆಯರೊಬ್ಬರು ಬಂದು ಚೌಕಟ್ಟನ್ನು ತಿರುಗಿಸಿ ಬೆನ್ನು ನೋಡಿದರು. ಸ್ವಲ್ಪ ಹೊತ್ತಾದ ಮೇಲೆ ಬಿಳಿಯ ಅಳತೆ ಕೇಳಿದರು.

ಆರನೇ ರೇಷ್ಮೆ ಆಗಲೇ ಚೌಕಟ್ಟಿಗೆ ಹತ್ತಿದೆ. ಈ ಸಲ ನೇರ ಮುಖ, ಮಿಂಗ್ ವಂಶದ ಕೊನೆಕೊನೆಯ ದೊರೆಗಳ ಹಾಗೆ, ಎರಡು ಕಿವಿಯೂ ಕಾಣುವಂತೆ.