ಕಾಲೇಜಿಗೆ ಬ್ಯಾಂಡು ಕಟ್ಟುವುದಿದ್ದರೆ ದೊಡ್ಡ ಡ್ರಮ್ಮಿನಿಂದ ಶುರು ಮಾಡಿ

ನಾನು ಸಂಗೀತದ ಮೇಷ್ಟ್ರಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಕಾಲೇಜಿನ ಆಫೀಸಿನಲ್ಲಿ ಕೂತು ಫೀಸು ಕಟ್ಟಿಸಿಕೊಂಡು ರಸೀದಿ ಕೊಡುವವನು. ಹೈಸ್ಕೂಲಿನಲ್ಲಿ ಮೂರು ವರ್ಷ ಸೈಡ್ ಡ್ರಮ್ ಬಾರಿಸಿದ್ದೆ, ಆಮೇಲೆ ಎನ್‌ಸಿಸಿಯಲ್ಲಿ ಎರಡು ವರ್ಷ. ಯಾರೋ ಇದನ್ನು ನಮ್ಮ ಪಿ.ಟಿ. ಮೇಷ್ಟ್ರ ಕಿವಿಗೆ ಹಾಕಿದರು. ಒಂದು ದಿನ ಕೌಂಟರಿಗೇ ಬಂದರು. "ನಿಮಗೆ ಡ್ರಮ್ ಬಾರಿಸ್ಲಿಕ್ಕೆ ಗೊತ್ತುಂಟಂತಲ್ಲ ಮಾರಾಯ್ರೇ, ಈ ಸಲ ಸ್ಪೋರ್ಟ್ಸ್ ಡೇಗೆ ಬ್ಯಾಂಡು ನೀವೇ ನೋಡ್ಕೊಳ್ಳಿ" ಅಂದರು. ಅದಾಗಿ ಆರು ಸ್ಪೋರ್ಟ್ಸ್ ಡೇ ಕಳೆದಿದೆ. ಈಗ ಅಕ್ಕಪಕ್ಕದ ಕಾಲೇಜಿನವರು ಹೇಗೆ ಮಾಡಿದಿರಿ ಅಂತ ಕೇಳುತ್ತಾರೆ. ಪ್ರತಿ ಸಲ ಫೋನಿನಲ್ಲಿ ಹೇಳುವ ಬದಲು ಒಮ್ಮೆ ಬರೆದೇ ಬಿಡುತ್ತೇನೆ.

ಬ್ಯಾಂಡು ಅಂದ ಕೂಡಲೇ ಮಕ್ಕಳು ಕೇಳುವುದು "ಯಾವ ಹಾಡು ಸರ್?" ಅಂತ. ಹಾಡು ಕಡೆಗೆ. ಮೈದಾನದಲ್ಲಿ ಬ್ಯಾಂಡಿಗೆ ಇರುವುದು ಎರಡೇ ಕೆಲಸ. ನಡೆಯುವವರ ಕಾಲಿಗೆ ಲೆಕ್ಕ ಕೊಡುವುದು. ಓಡುವವರ ಕಿವಿಗೆ ಅಡ್ಡ ಬಾರದಿರುವುದು. ಎರಡನೆಯದನ್ನು ನಾನು ಕಲಿತದ್ದು ಬೈಸಿಕೊಂಡು. ಅದನ್ನು ಆಮೇಲೆ ಹೇಳುತ್ತೇನೆ.

ಸಾಮಾನಿನ ಚಿಂತೆ ಜಾಸ್ತಿ ಬೇಡ. ನಮ್ಮ ಸ್ಟೋರ್ ರೂಮಿನಲ್ಲಿ ಸಿಕ್ಕಿದ್ದು ಒಂದು ದೊಡ್ಡ ಡ್ರಮ್, ನಾಲ್ಕು ಸೈಡ್ ಡ್ರಮ್, ಒಂದು ಜೊತೆ ಸಿಂಬಲ್, ಒಂದು ಟ್ರಯಾಂಗಲ್, ಆರು ಬ್ಯೂಗಲ್. ಮಾರ್ಚ್ ಪಾಸ್ಟಿಗೆ ಇಷ್ಟು ಧಾರಾಳ. ಬ್ಯೂಗಲಿನಲ್ಲಿ ಮಾತ್ರ ಹಾಡು ನುಡಿಸಲು ಹೋಗಬೇಡಿ. ಅದಕ್ಕೆ ವಾಲ್ವ್ ಇಲ್ಲ. ತುಟಿ ಬಿಗಿ ಸಡಿಲ ಮಾಡಿ ನಾಲ್ಕೈದು ಸ್ವರ ಹೊರಡಿಸಬಹುದು, ಅಷ್ಟೇ. ಬಹುಮಾನ ಕೊಡುವಾಗ ಒಂದೊಂದು ಸಲ ಊದಿಸಿದರೆ ಚೆನ್ನಾಗಿರುತ್ತದೆ.

ಮಕ್ಕಳನ್ನು ಹುಡುಕುವುದರಲ್ಲಿ ನನಗೊಂದು ಅನುಕೂಲ ಇದೆ. ಕೇರಳದ ಶಾಲಾ ಕಲೋತ್ಸವದಲ್ಲಿ ಬ್ಯಾಂಡ್ ಮೇಳವೂ ಒಂದು ಸ್ಪರ್ಧೆ. ಹಾಗಾಗಿ ಹೈಸ್ಕೂಲಿನಲ್ಲೇ ಬಾರಿಸಿ ಊದಿ ಪಳಗಿದವರು ವರ್ಷಕ್ಕೆ ನಾಲ್ಕೈದು ಜನ ನಮ್ಮಲ್ಲಿಗೆ ಸೇರುತ್ತಾರೆ. ಅಡ್ಮಿಷನ್ ಫೀಸು ತೆಗೆದುಕೊಳ್ಳುವಾಗಲೇ ಕೇಳಿಬಿಡುತ್ತೇನೆ. ನೀವು ಆಫೀಸಿನವರಲ್ಲದಿದ್ದರೆ ಆಫೀಸಿನವರ ಸ್ನೇಹ ಮಾಡಿಕೊಳ್ಳಿ.

ಇನ್ನು ದೊಡ್ಡ ಡ್ರಮ್. ಕ್ವಿಕ್ ಮಾರ್ಚ್ ಅಂದರೆ ನಿಮಿಷಕ್ಕೆ 120 ಹೆಜ್ಜೆ, ಸೆಕೆಂಡಿಗೆ ಎರಡು. ಶುರು ಎಡಗಾಲಿನಿಂದ. ಅಂದರೆ ಎಡಗಾಲು ಸೆಕೆಂಡಿಗೆ ಸರಿಯಾಗಿ ಒಮ್ಮೆ ನೆಲ ಮುಟ್ಟಬೇಕು. ಇದು ನನಗೆ ಹೊಳೆದದ್ದು ಆಫೀಸಿನ ಗೋಡೆ ಗಡಿಯಾರ ನೋಡುತ್ತಾ ಕೂತಿದ್ದಾಗ. ಟಿಕ್ ಅಂದಾಗ ಎಡಗಾಲು, ಎರಡು ಟಿಕ್ಕಿನ ನಡುವೆ ಬಲಗಾಲು. ಆ ಗಡಿಯಾರವನ್ನೇ ಕಳಚಿ ವರಾಂಡಕ್ಕೆ ತಂದೆ. ಬೆಂಚಿನ ಮೇಲಿಟ್ಟು, ಡ್ರಮ್ಮಿನವನನ್ನು ಎದುರು ನಿಲ್ಲಿಸಿದೆ. ದಿನಕ್ಕೆ ಕಾಲು ಗಂಟೆ, ಹತ್ತು ದಿನ. ಟಿಕ್ಕಿಗೆ ಒಂದು ಪೆಟ್ಟು, ಬೇರೇನೂ ಇಲ್ಲ. ಮೂರನೇ ದಿನಕ್ಕೆ ಅವನಿಗೂ ನನಗೂ ಬೇಜಾರು ಬಂತು. ಆದರೂ ಬಿಡಬೇಡಿ. ಫೋನಿನಲ್ಲಿ ಟಿಕ್ ಟಿಕ್ ಅಂತ ತಾಳ ಕೊಡುವ ಮೆಟ್ರೋನೋಮ್ ಆ್ಯಪ್ ಸಿಗುತ್ತದೆ, ಅದೂ ಆದೀತು. ಆದರೆ ಫೋನು ಕೈಗೆ ಕೊಟ್ಟರೆ ಮಕ್ಕಳು ಮೆಟ್ರೋನೋಮನ್ನೇ ನೋಡುತ್ತಾರಾ?

ದೊಡ್ಡ ಡ್ರಮ್ ಯಾರಿಗೆ ಕೊಡಬೇಕು? ಮೊದಲ ವರ್ಷ ನಾನು ಮೈಕಟ್ಟು ನೋಡಿ ಆರಿಸಿದೆ. ತಪ್ಪಾಯಿತು. ಜನ ಕೂಗಿದಷ್ಟೂ ಅವನ ಪೆಟ್ಟು ಜೋರಾಯಿತು, ಜೋರಾದಷ್ಟೂ ಬೇಗವಾಯಿತು. ವೇದಿಕೆಯ ಹತ್ತಿರ ಬರುವಾಗ ಹಿಂದಿನ ಸಾಲಿನ ಹುಡುಗಿಯರು ನಡೆಯುತ್ತಿರಲಿಲ್ಲ, ಓಡುತ್ತಿದ್ದರು. ಈಗ ಡ್ರಮ್ ಬಾರಿಸುವುದು ಒಬ್ಬಳು ಬಿ.ಕಾಂ. ಹುಡುಗಿ. ತೆಳ್ಳಗಿದ್ದಾಳೆ, ಬೆಲ್ಟಿಗೆ ಹೆಗಲಿನ ಹತ್ತಿರ ಮಡಚಿದ ಬೈರಾಸು (ಟವೆಲ್) ಇಟ್ಟುಕೊಳ್ಳುತ್ತಾಳೆ. ಆದರೆ ಆ ಕೈಗೆ ಅವಸರ ಅನ್ನುವುದೇ ಗೊತ್ತಿಲ್ಲ. ಒಂದು ವಿಷಯ ನೆನಪಿರಲಿ, ಡ್ರಮ್ ಎದೆಗೆ ಕಟ್ಟಿಕೊಂಡವರಿಗೆ ತಮ್ಮ ಕಾಲು ಕಾಣುವುದಿಲ್ಲ. ನಮ್ಮದು ಮುರಕಲ್ಲಿನ ಪದವು, ಅಂದರೆ ಕೆಂಪು ಕಲ್ಲಿನ ಬಯಲು, ಅಲ್ಲಲ್ಲಿ ಕಲ್ಲು ಎದ್ದಿರುತ್ತದೆ. ಹಿಂದಿನ ದಿನ ಅವರು ನಡೆಯುವ ದಾರಿಯಲ್ಲಿ ನೀವೇ ಒಮ್ಮೆ ಬರಿಗಾಲಿನಲ್ಲಿ ನಡೆದು ನೋಡಿ.

ನಮ್ಮ ಕಡೆ ಇನ್ನೊಂದು ತಾಪತ್ರಯ ಉಂಟು, ಚೆಂಡೆಯದ್ದು. ಯಕ್ಷಗಾನದ ಊರು ಅಲ್ವಾ, ಚೆಂಡೆ ಕಲಿತ ಹುಡುಗ ಒಬ್ಬನಾದರೂ ಸಿಕ್ಕೇ ಸಿಗುತ್ತಾನೆ. ತಾಳ ಅವನಿಗೆ ರಕ್ತದಲ್ಲೇ ಇದೆ ಅಂತ ಸೈಡ್ ಡ್ರಮ್ ಕೊಟ್ಟೆ. ಎರಡು ಸುತ್ತು ಸರಿಯಾಗಿ ಬಾರಿಸಿದ. ಮೂರನೇ ಸುತ್ತಿಗೆ ನಡುವೆ ಯಕ್ಷಗಾನದ ಪದಗಳಿಗೆ ಹಾಕುವ ಒಂದು ಬಿಡ್ತಿಗೆ ಹಾಕಿದ, ಆಮೇಲೆ ವೇಗದ ಏರುಪದಕ್ಕೆ ಬಾರಿಸುವ ಹಾಗೆ ಏರಿಸಿಕೊಂಡು ಹೋದ. ಕೇಳಲು ಬಲು ಚಂದ, ನಡೆಯಲು ಆಗುವುದಿಲ್ಲ. "ಮಾಷ್ಟ್ರೇ, ಸುಮ್ನೆ ಒಂದೇ ತರ ಬಾರಿಸಿದ್ರೆ ನಿದ್ದೆ ಬರ್ತದೆ" ಅಂದ. ಅವನ ಮಾತಿನಲ್ಲಿ ತಪ್ಪಿಲ್ಲ. ಇಂಥವರಿಗೆ ಕೈಯನ್ನು ಹೊಸದಾಗಿ ಕಲಿಸಬೇಕು. ಚೆಂಡೆಯಲ್ಲಿ ಒಂದೊಂದು ಪೆಟ್ಟೂ ಕೈಯಿಂದಲೇ ಬರಬೇಕು. ಸೈಡ್ ಡ್ರಮ್ಮಿನ ರೋಲಿನಲ್ಲಿ, ಅಂದರೆ ಬಿಡದೆ ಗುರ್ರ್ ಅನ್ನಿಸುವಾಗ, ಒಂದು ಪೆಟ್ಟು ಕೈಯದ್ದು, ಅದರ ಹಿಂದೆಯೇ ಬರುವುದು ಕೋಲು ತಾನಾಗಿ ಪುಟಿದು ಬಿದ್ದದ್ದು. ಬಲ ಬಲ, ಎಡ ಎಡ. ಮೊದಲು ಬಾಯಿತಾಳದಲ್ಲೇ ಹೇಳಿಸಿ, ಅದು ಅವರಿಗೆ ಮೊದಲೇ ಅಭ್ಯಾಸ ಇರುತ್ತದೆ. ಆ ಹುಡುಗನಿಗೆ ಸಮಾಧಾನ ಆಗಲಿ ಅಂತ ಸಮಾರೋಪದ ಹೊತ್ತಿಗೆ ಐದು ನಿಮಿಷ ಚೆಂಡೆಯನ್ನೇ ಬಾರಿಸಲು ಬಿಟ್ಟೆವು. ಅವತ್ತು ಚಪ್ಪಾಳೆ ಬಿದ್ದದ್ದು ಅದಕ್ಕೇ.

ಹೆಜ್ಜೆಯ ಉದ್ದ ಎನ್‌ಸಿಸಿ ಡ್ರಿಲ್ಲಿನಲ್ಲಿ 30 ಇಂಚು. ನಮ್ಮ ಮಕ್ಕಳಿಗೆ ಅದು ಜಾಸ್ತಿಯಾಯಿತು, 27ಕ್ಕೆ ಇಳಿಸಿದೆವು. ನಮ್ಮ ಟ್ರ್ಯಾಕ್ 200 ಮೀಟರಿನದ್ದು. ಒಂದು ಸುತ್ತಿಗೆ ಸುಮಾರು 290 ಹೆಜ್ಜೆ, ಎರಡೂವರೆ ನಿಮಿಷಕ್ಕೆ ಸ್ವಲ್ಪ ಕಮ್ಮಿ. 32 ಹೆಜ್ಜೆಯ ಹಾಡು 16 ಸೆಕೆಂಡಿನಲ್ಲಿ ಮುಗಿಯುತ್ತದೆ. ಅಂದರೆ ಒಂದೇ ಸುತ್ತಿಗೆ ಅದನ್ನು ಒಂಬತ್ತು ಸಲ ನುಡಿಸಬೇಕು. ಹಿಂದೆ ಇನ್ನೂ ತಂಡಗಳು ಬರುತ್ತಿದ್ದರೆ ಅದಕ್ಕೂ ಜಾಸ್ತಿ. ಹಾಡು ಎರಡೇ ಸಾಕು ಅಂತ ನಾನು ಹೇಳುವುದು ಇದಕ್ಕೇ. ಎಂಟು ಹಾಡು ಅರೆಬರೆ ಕಲಿತ ಬ್ಯಾಂಡು ನಾಲ್ಕನೇ ಸುತ್ತಿಗೆ ಕೈ ಚೆಲ್ಲುತ್ತದೆ.

ಈಗ ಯಾರೂ ಹೇಳಿಕೊಡದ ವಿಷಯಕ್ಕೆ ಬರುತ್ತೇನೆ. ಎರಡು ವರ್ಷ ನಮಗೆ ಒಂದೇ ದೂರು. ಬ್ಯಾಂಡಿನ ಹಿಂದೆಯೇ ಇರುವ ತಂಡ ಸರಿಯಾಗಿ ನಡೆಯುತ್ತದೆ, ಕೊನೆಯ ತಂಡದ ಕಾಲು ತಪ್ಪುತ್ತದೆ. ಎಲ್ಲರೂ ಆ ಮಕ್ಕಳನ್ನೇ ಬೈದರು, ನಾನೂ ಬೈದೆ. ಕೊನೆಗೆ ಫಿಸಿಕ್ಸ್ ಡಿಪಾರ್ಟ್‌ಮೆಂಟಿನ ಮೇಡಂ ಒಬ್ಬರು ಚಹಾ ಕುಡಿಯುತ್ತಾ ಲೆಕ್ಕ ಹಾಕಿ ತೋರಿಸಿದರು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 85 ಮೀಟರ್ ದೂರದವನಿಗೆ ಡ್ರಮ್ಮಿನ ಪೆಟ್ಟು ಕಾಲು ಸೆಕೆಂಡು ತಡವಾಗಿ ಕೇಳುತ್ತದೆ, ಆಗ ಬ್ಯಾಂಡಿನವರ ಕಾಲು ಗಾಳಿಯಲ್ಲಿರುತ್ತದೆ. 170 ಮೀಟರ್ ಆದರಂತೂ ಪೂರ್ತಿ ಒಂದು ಹೆಜ್ಜೆ ತಡ. ಇಲ್ಲಿ ಎಡಗಾಲಿಗೆ ಬಡಿದದ್ದನ್ನು ಅವನು ಕೇಳಿಸಿಕೊಳ್ಳುವಾಗ ಇಲ್ಲಿನವರದ್ದು ಬಲಗಾಲು. 400 ಮೀಟರ್ ಟ್ರ್ಯಾಕ್ ಇರುವ ಕಾಲೇಜಿನವರು ಇದನ್ನು ಗಮನದಲ್ಲಿಡಿ. ನಮ್ಮ ಟ್ರ್ಯಾಕಿನ ಈ ತುದಿಯಿಂದ ಆ ತುದಿಗೆ 80 ಮೀಟರಿಗಿಂತ ಸ್ವಲ್ಪ ಜಾಸ್ತಿ. ಪಾಪ, ಆ ಮಕ್ಕಳು ಕೇಳಿದ ಹಾಗೆಯೇ ನಡೆಯುತ್ತಿದ್ದರು.

ಉಪಾಯ ಸುಲಭ. ಬ್ಯಾಂಡು ಮುಂದೆ ನಡೆದು ವೇದಿಕೆ ದಾಟಲಿ. ದಾಟಿದ ಕೂಡಲೇ ಸಾಲಿನಿಂದ ಹೊರಳಿ ಮೈದಾನದ ನಡುವೆ ಹೋಗಿ ವೇದಿಕೆಗೆ ಮುಖ ಮಾಡಿ ನಿಲ್ಲಲಿ, ಕೊನೆಯ ತಂಡ ದಾಟುವವರೆಗೂ ಅಲ್ಲೇ ನಿಂತು ಬಾರಿಸಲಿ. ನಡುವಿನಿಂದ ಎಲ್ಲರಿಗೂ ದೂರ ಹೆಚ್ಚುಕಮ್ಮಿ ಒಂದೇ. ಡ್ರಮ್ಮಿನ ಕೋಲಿನ ತಲೆಗೆ ಬಿಳಿ ಬಟ್ಟೆ ಸುತ್ತಿ, ಕೈ ಎತ್ತಿ ಬಡಿಯಲು ಹೇಳಿ. ತಂಡದ ಲೀಡರ್ ಕಿವಿಯನ್ನು ನಂಬದೆ ಆ ಬಿಳಿಯನ್ನು ನೋಡಿ ಹೆಜ್ಜೆ ಹಾಕಲಿ. ಬೆಳಕು ತಡಮಾಡುವುದಿಲ್ಲವಲ್ಲ. ಇನ್ನೊಂದು, ಲೀಡರ್ "ದಾಹಿನೇ ದೇಖ್" (ಬಲಕ್ಕೆ ನೋಡು) ಅನ್ನುವ ಹೊತ್ತಿಗೆ ಸಿಂಬಲ್ ನಿಲ್ಲಿಸಿ, ಡ್ರಮ್ ಮೆತ್ತಗೆ ಮಾಡಿ. ಇಲ್ಲದಿದ್ದರೆ ಅರ್ಧ ತಂಡ ಅತಿಥಿಯನ್ನು ನೋಡುತ್ತದೆ, ಇನ್ನರ್ಧ ಕ್ಯಾಂಟೀನನ್ನು.

ಹಾಡಿನ ವಾದ್ಯಗಳ ಬಗ್ಗೆ ನನಗೆ ಗೊತ್ತಿರುವುದು ಕಮ್ಮಿ. ಕಲಿತದ್ದು ಇಷ್ಟೇ: ಸಾಮಾನ್ಯವಾಗಿ ಸಿಗುವ ಟ್ರಂಪೆಟ್, ಕ್ಲಾರಿನೆಟ್ ಎರಡೂ ಬಿ ಫ್ಲಾಟ್ ಶ್ರುತಿಯವು, ಒಂದೇ ನೊಟೇಶನ್ ಹಾಳೆ ನೋಡಿ ನುಡಿಸಬಹುದು. ಆಲ್ಟೋ ಸ್ಯಾಕ್ಸೊಫೋನ್ ಇ ಫ್ಲಾಟ್, ಅದೇ ಹಾಳೆ ಕೊಟ್ಟರೆ ಅಪಸ್ವರ. ನಮ್ಮಲ್ಲಿ ಒಬ್ಬನ ಮನೆಯವರು ಮದುವೆ, ಜಾತ್ರೆಗಳಲ್ಲಿ ಸ್ಯಾಕ್ಸೊಫೋನ್ ನುಡಿಸುವವರು. ಕದ್ರಿ ಗೋಪಾಲನಾಥರಿಂದಾಗಿ ನಮ್ಮ ಕಡೆ ಆ ವಾದ್ಯ ಯಾರಿಗೂ ಹೊಸದಲ್ಲ. ಅವನಿಗೆ ಇಂಗ್ಲಿಷ್ ನೊಟೇಶನ್ ಬಾರದು, ಸರಿಗಮ ಬರುತ್ತದೆ. ಟ್ರಂಪೆಟಿನವನ "ಸ" ಒಮ್ಮೆ ಕೇಳಿದ, ತನ್ನ "ಸ" ಹಿಡಿದ, ಅಷ್ಟೇ. ನಾನು ಒಂದು ವಾರ ಹಾಳೆ ತಿದ್ದುತ್ತಾ ಕೂತದ್ದು ವ್ಯರ್ಥವಾಯಿತು.

ಮಕ್ಕಳು ಅಮೆರಿಕದ ಯೂನಿವರ್ಸಿಟಿ ಬ್ಯಾಂಡುಗಳ ವಿಡಿಯೋ ತಂದು ತೋರಿಸುತ್ತಾರೆ. ಅಲ್ಲಿ ಫುಟ್‌ಬಾಲ್ ಪಂದ್ಯದ ಬಿಡುವಿನಲ್ಲಿ ಬ್ಯಾಂಡಿನದ್ದೇ ಒಂದು ಆಟ. ಪರ್ಡ್ಯೂ ಯೂನಿವರ್ಸಿಟಿಯವರು 1907ರಲ್ಲೇ ಮೈದಾನದಲ್ಲಿ "ಪಿ" ಅಕ್ಷರವಾಗಿ ನಿಂತಿದ್ದರು. ಓಹಿಯೋ ಸ್ಟೇಟಿನವರು 1936ರಿಂದ ನಡೆಯುತ್ತಲೇ "ಓಹಿಯೋ" ಅಂತ ಬರೆಯುತ್ತಾರೆ. ಈಗ ಸೂಸಾಫೋನ್ ಅನ್ನುವ, ಮೈಗೆ ಸುತ್ತಿಕೊಳ್ಳುವ ದೊಡ್ಡ ಊದುವ ವಾದ್ಯ ಹೊತ್ತವರೊಬ್ಬರು ಬಂದು "ಐ" ಅಕ್ಷರದ ಮೇಲಿನ ಚುಕ್ಕಿಯಾಗಿ ನಿಲ್ಲುತ್ತಾರೆ. ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ನಾವೂ ಒಂದು ವರ್ಷ ಕೈಹಾಕಿದೆವು. ಕಾಸರಗೋಡಿನ ಮೊದಲ ಅಕ್ಷರ ಅಂತ ತೀರ್ಮಾನವಾಯಿತು. ಯಾವ ಭಾಷೆಯದ್ದು ಅಂತ ಎರಡು ದಿನ ಚರ್ಚೆ. ಮಲಯಾಳಂ "ಕ"ದ ಸುತ್ತುಗಳಿಗೆ ನಮ್ಮ 24 ಜನ ಸಾಲಲಿಲ್ಲ, ಹಾಗಾಗಿ ಕನ್ನಡ "ಕ" ಗೆದ್ದಿತು. ಜಗಳವಿಲ್ಲದೆ ಮುಗಿಯಿತು, ಪುಣ್ಯ.

ಮಾಡುವ ಕ್ರಮ ಹೀಗೆ. ತಲೆಕಟ್ಟಿಗೆ 6, ನಡುವಿನ ಗೆರೆಗೆ 7, ಕೆಳಗಿನ ಸುತ್ತಿಗೆ 11. ಒಬ್ಬೊಬ್ಬರ ಜಾಗಕ್ಕೆ ಒಂದೊಂದು ಅಡಿಕೆ ಹಾಳೆಯ ತಟ್ಟೆ ಇಟ್ಟೆವು. ಗಾಳಿಗೆ ಹಾರದ ಹಾಗೆ ಮೇಲೊಂದು ಕಲ್ಲು. ಅಮೆರಿಕದವರ ಲೆಕ್ಕ ಐದು ಗಜಕ್ಕೆ ಎಂಟು ಹೆಜ್ಜೆ, ಅಂದರೆ ಹೆಜ್ಜೆಗೆ 22.5 ಇಂಚು. ಹೀಗೆ ಹೊರಳುವ ಕೆಲಸಕ್ಕೆ ಆ ಸಣ್ಣ ಹೆಜ್ಜೆಯೇ ಒಳ್ಳೆಯದು. ಅಕ್ಷರ ಚೆನ್ನಾಗಿಯೇ ಬಂತು. ಆದರೆ ಅದು ಕಾಣಬೇಕಾದರೆ ನೋಡುವವರು ಎತ್ತರದಲ್ಲಿರಬೇಕು. ನಮ್ಮಲ್ಲಿ ಗ್ಯಾಲರಿ ಎಲ್ಲಿದೆ? ಎರಡನೇ ಮಹಡಿಯ ವರಾಂಡದಲ್ಲಿ ನಿಂತ ಹತ್ತು ಹದಿನೈದು ಜನ "ಕ" ನೋಡಿದರು. ವೇದಿಕೆಯಲ್ಲಿದ್ದ ಅತಿಥಿಗಳು "ಮಕ್ಕಳು ಯಾಕೆ ಗುಂಪು ಸೇರಿದ್ದಾರೆ?" ಅಂತ ಪ್ರಿನ್ಸಿಪಾಲರನ್ನು ಕೇಳಿದರಂತೆ. ಗ್ಯಾಲರಿ ಇಲ್ಲದವರು ಈ ಸಾಹಸ ಬಿಡಿ.

ಇನ್ನು ಓಟದ ಹೊತ್ತು. ಆ ವರ್ಷ 1500 ಮೀಟರ್ ಓಟ. 200 ಮೀಟರ್ ಟ್ರ್ಯಾಕಿನಲ್ಲಿ ಏಳೂವರೆ ಸುತ್ತು. ಹುರುಪು ಬರಲಿ ಅಂತ ಬ್ಯಾಂಡು ಬಾರಿಸುತ್ತಿತ್ತು. ಕೊನೆಯ ಸುತ್ತಿಗೆ ಗಂಟೆ ಬಾರಿಸುವುದು ಗೊತ್ತಲ್ಲ? ಎರಡು ಸುತ್ತು ಬಾಕಿ ಇರುವಾಗ ನಮ್ಮ ಟ್ರಯಾಂಗಲಿನ ಹುಡುಗ ಟಣ್ ಟಣ್ ಟಣ್ ಅಂತ ಬಾರಿಸಿದ. ಮೂರನೆಯವನಾಗಿ ಓಡುತ್ತಿದ್ದ ಹುಡುಗ ಅದನ್ನೇ ಗಂಟೆ ಅಂದುಕೊಂಡ. ಇದ್ದ ಉಸಿರೆಲ್ಲ ಹಾಕಿ ನುಗ್ಗಿ ಎಲ್ಲರನ್ನೂ ಹಿಂದೆ ಹಾಕಿದ, ಗೆರೆ ದಾಟಿ ಕೈ ಎತ್ತಿದ. ಆಗ ನಿಜವಾದ ಗಂಟೆ ಬಾರಿಸಿತು. ಅವನು ನಿಂತಲ್ಲೇ ಸೊಂಟಕ್ಕೆ ಕೈ ಕೊಟ್ಟು ನನ್ನ ಕಡೆ ನೋಡಿದ ನೋಟ ಇವತ್ತಿಗೂ ಕಣ್ಣಿನಲ್ಲಿದೆ. ಪಿ.ಟಿ. ಮೇಷ್ಟ್ರು ನನಗೆ ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಆಮೇಲೆ ಆ ಹುಡುಗನಿಗೆ ಕ್ಯಾಂಟೀನಿನಲ್ಲಿ ಬಿಸ್ಕೂಟ್ ರೊಟ್ಟಿ, ಚಹಾ ಕೊಡಿಸಿದೆ. ತಿಂದ, ಮಾತಾಡಲಿಲ್ಲ.

ಅಂದಿನಿಂದ ಓಟ ನಡೆಯುವಾಗ ಟ್ರಯಾಂಗಲ್ ನನ್ನ ಜೇಬಿನಲ್ಲಿ. ಸ್ಟಾರ್ಟರ್ ಹತ್ತಿರ ಒಬ್ಬ ಹುಡುಗ ಕೆಂಪು ಬೈರಾಸು ಹಿಡಿದು ನಿಲ್ಲುತ್ತಾನೆ. ಬೈರಾಸು ಮೇಲೆ ಹೋದರೆ ಕೋಲುಗಳೆಲ್ಲ ಕಂಕುಳಿಗೆ. 2010ರಿಂದ ಒಂದೇ ಫೌಲ್ ಸ್ಟಾರ್ಟಿಗೆ ಓಟಗಾರ ಹೊರಗೆ ಅನ್ನುವ ನಿಯಮ ಇದೆ. ನಿಮ್ಮ ಒಂದು ಪೆಟ್ಟಿಗೆ ಬೆಚ್ಚಿ ಯಾರಾದರೂ ಮುಂದೆ ಹಾರಿದರೆ? 100 ಮೀಟರಿಗೆ ಬ್ಯಾಂಡು ಬೇಡವೇ ಬೇಡ. ರಿಲೇಗೂ ಬೇಡ, ಬ್ಯಾಟನ್ ಕೊಡುವವನು ಕೂಗುವುದು ಮುಂದಿನವನಿಗೆ ಕೇಳಬೇಕು. ಲಾಂಗ್ ಜಂಪಿನವರನ್ನು ಕೇಳಿ ನೋಡಿ, ಕೆಲವರಿಗೆ ತಾಳ ಬೇಕು, ಕೆಲವರಿಗೆ ಮೌನ. 5000 ಮೀಟರಿಗೆ ಮಾತ್ರ ಧಾರಾಳವಾಗಿ ಬಾರಿಸಿ. 25 ಸುತ್ತು, ಅರ್ಧಕ್ಕೆ ನೋಡುವವರೂ ಎದ್ದು ಹೋಗಿರುತ್ತಾರೆ.

ಕೊನೆಗೆ ರಾಷ್ಟ್ರಗೀತೆ. 52 ಸೆಕೆಂಡು, ಮಾರ್ಚಿನ ಅವಸರ ಅದಕ್ಕೆ ಬೇಡ. ಪ್ರತ್ಯೇಕ ಅಭ್ಯಾಸ ಮಾಡಿಸಿ.

ಎಲ್ಲ ಮುಗಿದ ಮೇಲೆ ಸಾಮಾನು ಹಾಗೇ ಬೀರುವಿಗೆ ತುಂಬಬೇಡಿ. ಡ್ರಮ್ಮಿನ ಬಿಗಿ ಸ್ವಲ್ಪ ಸಡಿಲಿಸಿ, ಸೈಡ್ ಡ್ರಮ್ಮಿನ ಅಡಿಯ ತಂತಿ ಒರೆಸಿ. ನಮ್ಮ ಮಳೆಗಾಲಕ್ಕೆ ಅದು ತುಕ್ಕು ಹಿಡಿಯದೆ ಉಳಿದರೆ ಹೇಳಿ. ಟ್ರಂಪೆಟಿನ ವಾಲ್ವಿಗೆ ಅದರದ್ದೇ ಎಣ್ಣೆ ಬರುತ್ತದೆ, ಚಿಕ್ಕ ಬಾಟಲಿ, ಅದನ್ನು ತಂದಿಟ್ಟುಕೊಳ್ಳಿ. ಒಬ್ಬ ಹುಡುಗ ಮನೆಯಿಂದ ಒಳ್ಳೆಯ ತೆಂಗಿನೆಣ್ಣೆ ತಂದು ಬಿಟ್ಟಿದ್ದ. ಡಿಸೆಂಬರಿನ ಬೆಳಗ್ಗೆ ಮೂರೂ ವಾಲ್ವ್ ಒಳಗೇ ಕೂತಿದ್ದವು. ಬಿಸಿಲಿಗಿಟ್ಟು ಅರ್ಧ ಗಂಟೆ ಕಾದೆವು.