ಪುಷ್ಯ ಮಳೆಯಲ್ಲಿ ಮನೆ ನೋಡಲು ಹೋದೆವು

ನಿವೃತ್ತಿಯ ಬದುಕಿಗೆಂದು ಮಲೆನಾಡಿನಲ್ಲಿ ಒಟ್ಟು ಹನ್ನೊಂದು ಮನೆ ನೋಡಿದೆವು. ಹತ್ತನ್ನು ಫೆಬ್ರವರಿಯಿಂದ ಮೇ ತಿಂಗಳೊಳಗೆ, ಕೊನೆಯದನ್ನು ಜುಲೈ ಕೊನೆಯ ಪುಷ್ಯ ಮಳೆಯಲ್ಲಿ. ಮೊದಲ ಹತ್ತರಲ್ಲಿ ಎಂಟು ನಮಗೆ ಇಷ್ಟವಾಗಿದ್ದವು ಎಂದರೆ ನಾವು ಎಷ್ಟು ಎಳಸಾಗಿದ್ದೆವು ಎಂಬುದು ತಿಳಿದೀತು.

2023ರ ಜನವರಿಯಲ್ಲಿ ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಿಂದ ನಿವೃತ್ತನಾದೆ. ಬೆಂಗಳೂರಿನಲ್ಲಿ ಸ್ವಂತ ಮನೆ ಇರಲಿಲ್ಲ. ದಾಸರಹಳ್ಳಿಯ ಎರಡು ಕೋಣೆಯ ಮನೆಗೆ 16,000 ಬಾಡಿಗೆ ಕೊಡುತ್ತಿದ್ದೆವು, ಅದು 18,000 ಆಗುವುದರಲ್ಲಿತ್ತು. ಪಿ.ಎಫ್., ಗ್ರಾಚ್ಯುಟಿ ಎಲ್ಲ ಸೇರಿ ಕೈಗೆ ಬಂದದ್ದು 42 ಲಕ್ಷ. ಪಿಂಚಣಿ ತಿಂಗಳಿಗೆ 3,100. ಈ ಲೆಕ್ಕದಲ್ಲಿ ಬೆಂಗಳೂರಿನಲ್ಲಿ ಮುದುಕರಾಗುವುದು ಆಗದ ಮಾತು. ಅಮ್ಮನ ತವರು ತೀರ್ಥಹಳ್ಳಿ ಸೀಮೆ. ಚಿಕ್ಕಂದಿನ ರಜೆಯ ನೆನಪುಗಳೆಲ್ಲ ಅಲ್ಲಿಯವು. ರಜೆ ಎಂದರೆ ಏಪ್ರಿಲ್ ಮತ್ತು ಮೇ ಎಂಬುದು ಆಗ ಹೊಳೆಯಲಿಲ್ಲ.

ಕೊಡಗನ್ನು ಮೊದಲೇ ಕೈಬಿಟ್ಟೆವು. ಬೆಲೆ ನಮಗೆ ಎಟುಕುವಂಥದ್ದಲ್ಲ. ಜೊತೆಗೆ 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದ ದೃಶ್ಯಗಳು ಹೆಂಡತಿಯ ಕಣ್ಣಿನಿಂದ ಹೋಗಿರಲಿಲ್ಲ. ಚಿಕ್ಕಮಗಳೂರು, ಸಕಲೇಶಪುರಗಳ ಸುತ್ತ ವಾರಾಂತ್ಯಕ್ಕೆ ಬರುವವರ ದುಡ್ಡು ಜಮೀನಿನ ದರವನ್ನು ಅಟ್ಟಕ್ಕೇರಿಸಿದೆ. ಉಳಿದದ್ದು ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ, ಹೊಸನಗರ, ಸಾಗರ.

ದಲ್ಲಾಳಿಗಳು ಎಲ್ಲ ಕಡೆಯೂ ಒಂದೇ ರಾಗ ಹಾಡಿದರು: ‘ಒಂದೆಕರೆ ಅಡಿಕೆ ತೋಟ, ಅದರಲ್ಲೊಂದು ಹೆಂಚಿನ ಮನೆ. ತೋಟವೇ ನಿಮ್ಮನ್ನು ಸಾಕುತ್ತದೆ ಸಾರ್.’ ಸಾಕುವುದು ನಿಜ, ಆದರೆ ಮೊದಲು ನಾವು ಅದನ್ನು ಸಾಕಬೇಕು. ಕೊಳೆರೋಗ ಬಾರದಂತೆ ಮಳೆಗಾಲದಲ್ಲಿ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಸಬೇಕು. ಅದಕ್ಕೆ ಮರ ಹತ್ತುವ ಕೊನೆಗೌಡ ಬೇಕು. ಅವನು ಸಿಗುವುದು ಅವನಿಗೆ ಬಿಡುವಾದಾಗ, ಮಳೆ ಬಿಡುವು ಕೊಡುವುದು ಅದಕ್ಕೆ ಮನಸ್ಸಾದಾಗ. ಎಲೆಚುಕ್ಕಿ ರೋಗ ಬಂದ ಮೇಲಂತೂ ಹುಟ್ಟಾ ತೋಟದವರೇ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಅರವತ್ತನೆಯ ವಯಸ್ಸಿನಲ್ಲಿ ಹೊಸದಾಗಿ ಕಲಿಯುವ ಕಸುಬು ಇದಲ್ಲ ಎಂದು ನಾಲ್ಕನೇ ತೋಟ ನೋಡುವ ಹೊತ್ತಿಗೆ ಮನಸ್ಸಿಗೆ ಬಂದಿತ್ತು.

ಕಾಗದಪತ್ರದ ವಿಷಯದಲ್ಲಿ ಸ್ಟೋರ್ಸ್‌ನ ಬುದ್ಧಿ ಉಪಯೋಗಕ್ಕೆ ಬಂತು. ಪುಸ್ತಕದಲ್ಲಿರುವ ದಾಸ್ತಾನು ಬೇರೆ, ಕಪಾಟಿನಲ್ಲಿರುವ ದಾಸ್ತಾನು ಬೇರೆ ಎಂದು ಮೂವತ್ತು ವರ್ಷ ಜಗಳವಾಡಿದವನು ನಾನು. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದ ಮೇಲೆ ರೈತನಲ್ಲದವನೂ ಕೃಷಿ ಜಮೀನು ಕೊಳ್ಳಬಹುದು. ಆದರೆ ಕೊಳ್ಳುತ್ತಿರುವುದು ಏನನ್ನು ಎಂಬುದೇ ಮಲೆನಾಡಿನಲ್ಲಿ ಪ್ರಶ್ನೆ. ಕೊಪ್ಪದ ಹತ್ತಿರ ‘ನಾಲ್ಕು ಎಕರೆ’ ಎಂದು ತೋರಿಸಿದ ಜಾಗದ ಪಹಣಿಯಲ್ಲಿದ್ದದ್ದು 1 ಎಕರೆ 6 ಗುಂಟೆ. ಉಳಿದದ್ದರಲ್ಲಿ ಒಂದಿಷ್ಟು ಸೊಪ್ಪಿನಬೆಟ್ಟ, ಇನ್ನೊಂದಿಷ್ಟು ಒತ್ತುವರಿ. ಸೊಪ್ಪಿನಬೆಟ್ಟದಿಂದ ತೋಟದವರು ಸೊಪ್ಪು, ದರಕು (ಉದುರಿದ ಒಣ ಎಲೆ) ತರಬಹುದು. ಆ ಬೆಟ್ಟವನ್ನು ಮಾರುವ ಹಕ್ಕು ಅವರಿಗಿಲ್ಲ. ಒತ್ತುವರಿಯ ಬಗ್ಗೆ ಕೇಳಿದರೆ ‘ಅರ್ಜಿ ಹಾಕಿದ್ದೇವೆ, ಇವತ್ತಲ್ಲ ನಾಳೆ ಆಗುತ್ತದೆ’ ಎಂದರು. ಅವರ ತಂದೆಯ ಕಾಲದಿಂದಲೂ ಅದು ನಾಳೆಯೇ ಆಗಿ ಉಳಿದಿತ್ತು. ಪಹಣಿಯ ಜೊತೆಗೆ ಪೋಡಿ (ಅಳತೆ ಮಾಡಿ ಜಮೀನು ಬೇರ್ಪಡಿಸುವುದು) ಆಗಿದೆಯೇ, ಋಣಭಾರ ಪತ್ರದಲ್ಲಿ ಸಾಲ ಇದೆಯೇ, ಮಂಜೂರಾದ ಜಮೀನಾದರೆ ಮಾರಲು ನಿರ್ಬಂಧ ಇದೆಯೇ ಎಂದು ಶಿವಮೊಗ್ಗದ ವಕೀಲರೊಬ್ಬರಿಗೆ ತೋರಿಸಿದೆ. ಅವರ ಶುಲ್ಕ 5,000. ಇಡೀ ಹುಡುಕಾಟದಲ್ಲಿ ಇಷ್ಟು ಸಾರ್ಥಕವಾದ ಖರ್ಚು ಬೇರೊಂದಿಲ್ಲ.

ಕೊಪ್ಪದ ಅದೇ ಜಾಗದ ಮನೆಯ ಹಿಂದೆ ದರೆ ಇತ್ತು. ಗುಡ್ಡವನ್ನು ಜೆಸಿಬಿಯಿಂದ ನೇರವಾಗಿ ಕಡಿದು ಅಂಗಳ ಮಾಡಿದ್ದರು; ಕಡಿದ ಗೋಡೆ ಎರಡಾಳೆತ್ತರ, ಹಸಿ ಕೆಂಪು ಮಣ್ಣು. ನನಗೆ ಅದು ಚಂದವಾಗಿಯೇ ಕಂಡಿತು. ಜೊತೆಗೆ ಬಂದಿದ್ದ ಆಟೋ ಚಾಲಕ, ಹಿಂದೆ ರಸ್ತೆ ಕೆಲಸದಲ್ಲಿ ಮೇಸ್ತ್ರಿಯಾಗಿದ್ದವರು, ಮನೆಯೊಳಗೆ ಬರಲೇ ಇಲ್ಲ. ದರೆಯ ನೆತ್ತಿಗೆ ಹತ್ತಿ ನಿಂತು ನನ್ನನ್ನು ಕರೆದರು. ಅಲ್ಲಿ ಮೂರು ಮರಗಳು ಬುಡದಲ್ಲಿ ಹೊರಕ್ಕೆ ವಾಲಿ, ಮೇಲೆ ಮತ್ತೆ ನೆಟ್ಟಗೆ ಬೆಳೆಯಲು ಹೆಣಗಿದ್ದವು. ಅವುಗಳ ಹಿಂದೆ ನೆಲದಲ್ಲಿ ಬೆರಳು ತೂರುವಷ್ಟು ಸೀಳು, ಒಣಗಿದೆಲೆಗಳಿಂದ ಮುಚ್ಚಿಹೋಗಿತ್ತು. ‘ಮಣ್ಣು ಆಗಲೇ ಹೊರಟಿದೆ ಮಾರಾಯರೇ, ನಿಧಾನಕ್ಕೆ ಹೋಗುತ್ತಿದೆ ಅಷ್ಟೆ’ ಎಂದರು. ಮುಂದೆ ಯಾವ ಮನೆಗೆ ಹೋದರೂ ಮುಂಬಾಗಿಲಿಗಿಂತ ಮೊದಲು ಹಿತ್ತಿಲು ನೋಡುವ ಅಭ್ಯಾಸ ನನಗೆ ಬಂದದ್ದು ಹೀಗೆ.

ಹನ್ನೊಂದನೆಯ ಮನೆ ಶೃಂಗೇರಿಯಿಂದ ಆಚೆ, ಕಿಗ್ಗದ ಕಡೆ. ಮಾರ್ಚಿನಲ್ಲಿ ದಲ್ಲಾಳಿಯ ಮೊಬೈಲಿನಲ್ಲಿ ವೀಡಿಯೊ ನೋಡಿಯೇ ಹೆಂಡತಿ ಸೋತಿದ್ದಳು: ಜಂತಿಯ ಮಾಡು, ಕಾವಿ ನೆಲ, ಅಬ್ಬಿಯ (ಗುಡ್ಡದ ಝರಿಯ) ನೀರು ಸೀಳಿದ ಅಡಿಕೆ ಮರದ ದಂಬೆಯಲ್ಲಿ ಹರಿದು ಅಂಗಳಕ್ಕೇ ಬಂದು ಬೀಳುವ ಸದ್ದು. ಬೆಲೆ 28 ಲಕ್ಷ. ಮುಂಗಡ ಕೊಡುವ ಮುನ್ನ ಒಮ್ಮೆ ಮಳೆಯಲ್ಲಿ ನೋಡೋಣ ಎಂದದ್ದು ಅವಳೇ. ಆ ವರ್ಷ ಜೂನ್ ಪೂರ್ತಿ ಒಣಗಿ, ಜುಲೈನಲ್ಲಿ ಮಳೆ ಹಿಡಿಯಿತು. ಪುಷ್ಯ ಮಳೆ ಹೊಕ್ಕ ನಾಲ್ಕನೆಯ ದಿನ ಹೊರಟೆವು. ಬಸ್ಸಿಳಿದ ಮೇಲೆ ಒಂದು ಫರ್ಲಾಂಗು ಎಂದಿದ್ದ ದಾರಿ ನಲವತ್ತು ನಿಮಿಷ ಹಿಡಿಯಿತು. ನಡುವೆ ಹಳ್ಳ, ಅದರ ಮೇಲೆ ಅಡಿಕೆ ಮರದ ಸಂಕ, ಸಂಕಕ್ಕೂ ನೀರಿಗೂ ಒಂದು ಗೇಣು. ಹೆಂಡತಿ ಕೂತುಕೊಂಡೇ ದಾಟಿದಳು.

ಮನೆಯೊಡತಿ ಎಪ್ಪತ್ತೈದು ದಾಟಿದ ಹೆಂಗಸು. ಬಚ್ಚಲ ಒಲೆಯ ಮುಂದೆ ನಮ್ಮ ಸೀರೆ, ಪ್ಯಾಂಟು ಒಣಗಿಸಲು ಹರವಿ, ಬಿಸಿ ಕಷಾಯ ಕೊಟ್ಟರು. ದೇವರ ಪಟಗಳ ಗಾಜಿನೊಳಗೆ ಬಿಳಿ ಬೂಷ್ಟು ಹಬ್ಬಿ ಲಕ್ಷ್ಮಿಯ ಮುಖ ಅರ್ಧ ಮರೆಯಾಗಿತ್ತು. ಕರೆಂಟು ಹೋಗಿ ಐದನೆಯ ದಿನವಂತೆ. ನಾನು ನೀರಿನ ಮೂಲ, ತೋಟದ ಗಡಿ, ಮಂಗನ ಕಾಟ ಎಲ್ಲ ಕೇಳಿ ಮುಗಿಸಿದ ಮೇಲೆ ಅವರು ಹೇಳಿದರು: ‘ಎಲ್ಲ ಕೇಳಿದಿರಿ. ಯಾಕೆ ಮಾರುತ್ತಿದ್ದೀರಿ ಎಂದು ಮಾತ್ರ ಕೇಳಲಿಲ್ಲ.’

ಎರಡು ವರ್ಷದ ಹಿಂದೆ ಇಂಥದ್ದೇ ದಿನ ಅವರ ಗಂಡನಿಗೆ ಎದೆನೋವು ಬಂದಿತ್ತು. ನೆರೆಯವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಕಟ್ಟಿ, ನಾಲ್ಕು ಜನ ಹೊತ್ತು ತಂದರು. ಸಂಕ ಮುಳುಗಿತ್ತು. ಮೇಲಿನ ದಾರಿ ಸುತ್ತಿ ರಸ್ತೆ ಮುಟ್ಟುವ ಹೊತ್ತಿಗೆ ಒಂದೂವರೆ ಗಂಟೆ ಕಳೆದಿತ್ತು. ‘ಇನ್ನು ಮಗನ ಮನೆಗೆ ಹೋಗುತ್ತೇನೆ, ಬೆಂಗಳೂರಿಗೆ’ ಎಂದರು. ನಮ್ಮನ್ನು ಒಮ್ಮೆ ನೋಡಿ, ‘ನೀವು ಅಲ್ಲಿಂದ ಬರುತ್ತಿದ್ದೀರಿ’ ಎಂದರು. ಅವರ ದನಿಯಲ್ಲಿ ವ್ಯಂಗ್ಯವೇನೂ ಇರಲಿಲ್ಲ. ಊಟ ಹಾಕಿಯೇ ಕಳಿಸಿದರು.

ವಾಪಸು ಬರುವಾಗ ಸಂಕದ ಈಚೆಗೆ ನಿಂತು ಹೆಂಡತಿ, ‘ರೀ, ನನಗೆ ಮಲೆನಾಡು ಬೇಕು, ಔಷಧಿ ಅಂಗಡಿಗೆ ನಡೆದು ಹೋಗುವಂಥ ಮಲೆನಾಡು’ ಎಂದಳು. ಆರು ತಿಂಗಳು ನಾನು ಹುಡುಕಿದ್ದು ಏನನ್ನು ಎಂದು ಆಗ ನಾಚಿಕೆಯಾಯಿತು. ಅವಳ ಮಂಡಿನೋವು ಹತ್ತು ವರ್ಷದ್ದು. ನನ್ನ ಬಿ.ಪಿ. ಹದಿನೈದು ವರ್ಷದ್ದು. ಎರಡಕ್ಕೂ ನನ್ನ ಪಟ್ಟಿಯಲ್ಲಿ ಸಾಲು ಇರಲಿಲ್ಲ.

ಹೊಸ ಪಟ್ಟಿ ಚಿಕ್ಕದಾಯಿತು. ಕೊಳ್ಳುವುದಿಲ್ಲ, ಬಾಡಿಗೆ. ತಾಲ್ಲೂಕು ಕೇಂದ್ರದಲ್ಲೇ. ಆಸ್ಪತ್ರೆಗೆ ಆಟೋ ಸಿಗಬೇಕು, ಮಗಳ ಮನೆಗೆ ರಾತ್ರಿ ಹೊರಟರೆ ಬೆಳಗ್ಗೆ ತಲುಪಬೇಕು. ಶೃಂಗೇರಿಯಲ್ಲಿ ರೈಲಿಲ್ಲ; ಹೃದಯದ ತೊಂದರೆ ಎಂದರೆ ಘಟ್ಟ ಇಳಿದು ಮಣಿಪಾಲ, ಇಲ್ಲವೇ ಶಿವಮೊಗ್ಗ. ತೀರ್ಥಹಳ್ಳಿ ಕೊನೆಯವರೆಗೂ ಸ್ಪರ್ಧೆಯಲ್ಲಿತ್ತು. ಅಮ್ಮನ ಊರಿನ ಮೋಹ ಬೇರೆ. ಅಲ್ಲಿಯೂ ರೈಲಿಲ್ಲ. ಸಾಗರಕ್ಕೆ ತಾಳಗುಪ್ಪ ಮಾರ್ಗ ಇದೆ, ಬೆಂಗಳೂರಿಗೆ ರಾತ್ರಿಯ ರೈಲು ಇದೆ. ಉಪವಿಭಾಗೀಯ ಆಸ್ಪತ್ರೆ ಊರಿನಲ್ಲೇ, ದೊಡ್ಡಾಸ್ಪತ್ರೆಗಳಿರುವ ಶಿವಮೊಗ್ಗ ಸುಮಾರು 70 ಕಿಲೋಮೀಟರ್, ನಡುವೆ ಘಾಟಿ ಇಲ್ಲ. ಸರ್ಕಾರಿ ಬಸ್ಸಿನಲ್ಲಿ ಹೆಂಡತಿಗೆ ಟಿಕೆಟ್ಟಿಲ್ಲ, ನನಗೆ ಹಿರಿಯ ನಾಗರಿಕರ ಕಾಲುಭಾಗ ರಿಯಾಯಿತಿ. ಹೆಗ್ಗೋಡು ಹತ್ತಿರದಲ್ಲೇ ಇರುವುದರಿಂದ ನೀನಾಸಮ್ ನಾಟಕಗಳು ಲಾಭದ ಬಾಬ್ತು. ಪಟ್ಟಿಯಲ್ಲಿ ಅದನ್ನು ಬರೆದಿರಲಿಲ್ಲ.

2023ರ ಅಕ್ಟೋಬರಿನಲ್ಲಿ ಸಾಗರದ ಗಣಪತಿ ಕೆರೆಯಿಂದ ಹತ್ತು ನಿಮಿಷದ ದೂರದಲ್ಲಿ ಮನೆ ಹಿಡಿದೆವು. ತಾರಸಿಯ ಮನೆ, ಅದರ ಮೇಲೆ ತಗಡಿನ ಮಾಡು. ನೋಡಲು ಏನೂ ಚಂದವಿಲ್ಲ. ಹಿತ್ತಿಲು ಮಟ್ಟಸ, ದರೆ ಇಲ್ಲ. ಬಾಡಿಗೆ 7,500. ನಿವೃತ್ತಿಯ ದುಡ್ಡಿನಲ್ಲಿ 30 ಲಕ್ಷವನ್ನು ಆ ಏಪ್ರಿಲಿನಲ್ಲೇ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದ್ದೆ. ಮಿತಿಯನ್ನು 15 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದ ತಿಂಗಳು ಅದು. ಬಡ್ಡಿ ಶೇ 8.2. ಮೂರು ತಿಂಗಳಿಗೊಮ್ಮೆ 61,500 ಬರುತ್ತದೆ. ಪಿಂಚಣಿ ಸೇರಿದರೆ ತಿಂಗಳಿಗೆ 23,600. ಬಾಡಿಗೆ ಹೋಗಿ 16,100 ಉಳಿಯುತ್ತದೆ. ಇಬ್ಬರ ಊಟ, ಔಷಧಿ, ಓಡಾಟ, ಮೊಮ್ಮಗನ ಹುಟ್ಟುಹಬ್ಬ ಎಲ್ಲ ಅದರಲ್ಲೇ. ಉಳಿದ 12 ಲಕ್ಷ ಆಸ್ಪತ್ರೆಗೆಂದು ಬ್ಯಾಂಕಿನಲ್ಲಿದೆ, ಅದರ ತಂಟೆಗೆ ಹೋಗುವುದಿಲ್ಲ. ಕಿಗ್ಗದ ಮನೆ ಕೊಂಡಿದ್ದರೆ ಬಡ್ಡಿ ಬರುವ ಈ ಗಂಟೇ ಹೋಗಿ, ಅಬ್ಬಿಯ ಸದ್ದು ಕೇಳುತ್ತಾ 3,100ರಲ್ಲಿ ಬದುಕಬೇಕಿತ್ತು.

ತಪ್ಪು ಲೆಕ್ಕಗಳೂ ಆದವು. ಮಳೆಗಾಲದ ಖರ್ಚು ಬೇರೆಯೇ ಒಂದು ಬಾಬ್ತು ಎಂದು ನನಗೆ ತಿಳಿದಿರಲಿಲ್ಲ. 2024ರ ಜುಲೈನಲ್ಲಿ ಇನ್ವರ್ಟರಿಗೆ ಎರಡನೆಯ ಬ್ಯಾಟರಿ ಹಾಕಿಸಬೇಕಾಯಿತು. ಬೀರುವಿನಲ್ಲಿದ್ದ ನನ್ನ ಬೆಲ್ಟು, ಚಪ್ಪಲಿ, ಮದುವೆಯ ರೇಷ್ಮೆ ಪಂಚೆ ಎಲ್ಲಕ್ಕೂ ಹಸಿರು ಬೂಷ್ಟು. ಪಕ್ಕದ ಮನೆಯ ಅಕ್ಕ ನೋಡಿ ನಕ್ಕು, ಬೀರುವಿನೊಳಗೆ ಹಳೆಯ ಕಾಲದ 40 ವಾಟಿನ ಬಲ್ಬು ಇಳಿಬಿಡಲು ಹೇಳಿಕೊಟ್ಟರು. ಅದೇ ತಿಂಗಳು 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗೆ ಗುಡ್ಡ ಕುಸಿಯಿತು. ಮಗಳು ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದಳು. ತಿಂಗಳ ಕೊನೆಗೆ ವಯನಾಡಿನ ಭೂಕುಸಿತದ ಸುದ್ದಿ ಬಂದಾಗ, ‘ಅಪ್ಪಾ, ನಿಮ್ಮ ಮನೆಯ ಹಿಂದೆ ಏನಿದೆ?’ ಎಂದು ಕೇಳಿದಳು. ನುಗ್ಗೆ ಮರ ಮತ್ತು ಪಕ್ಕದವರ ಸ್ಕೂಟರ್ ಎಂದೆ.

ಒಣ ತಿಂಗಳುಗಳಿಗೂ ಅವುಗಳದೇ ಎಚ್ಚರಿಕೆ ಇದೆ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜೀವಗಳು ಹೋದವು. ಅದನ್ನು ಹರಡುವ ಉಣುಗು (ಉಣ್ಣೆ ಹುಳ) ಕಚ್ಚುವ ಕಾಲ ಡಿಸೆಂಬರಿನಿಂದ ಮೇ, ಅಂದರೆ ಕಾಡಿನಲ್ಲಿ ಸುತ್ತಾಡಲು ನಮಗೆ ಆಸೆಯಾಗುವ ಕಾಲವೇ. ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳದೆ ನಾನು ಈಗ ದರಕಿನ ಮೇಲೆ ಕಾಲಿಡುವುದಿಲ್ಲ.

ಮಾತಿಗೆ ಜನ ಬೇಕಾಗುತ್ತದೆ ಎಂಬುದು ಇನ್ನೊಂದು. ಮೊದಲ ನಾಲ್ಕು ತಿಂಗಳು ಹಾಲಿನವನನ್ನು ಬಿಟ್ಟರೆ ಯಾರೂ ನಮ್ಮ ಬಾಗಿಲಿಗೆ ಬರಲಿಲ್ಲ. ಹೆಂಡತಿ ಭಜನೆಗೆ ಹೋಗಲು ತೊಡಗಿದ ಮೇಲೆ ಊರು ಸ್ವಲ್ಪ ತೆರೆದುಕೊಂಡಿತು. ನಾನು ಗ್ರಂಥಾಲಯದಲ್ಲಿ ಬೆಳಗಿನ ಪತ್ರಿಕೆಗೆ ಸರದಿ ಕಾಯುವ ಐದು ಜನರಲ್ಲಿ ಒಬ್ಬನಾದೆ.

ಈ ವರ್ಷ ಮಾಲೀಕರು ‘ಬೇಕಾದರೆ ಮನೆಯನ್ನೇ ಕೊಂಡುಬಿಡಿ’ ಎಂದರು. ಇನ್ನೊಂದು ಮಳೆಗಾಲ ಹೋಗಲಿ ಎಂದಿದ್ದೇನೆ.

ಕಿಗ್ಗದ ಮನೆಯನ್ನು ಡಿಸೆಂಬರಿನಲ್ಲಿ ಬಂದು ನೋಡಿದ ಯಾರೋ ಕೊಂಡರಂತೆ. ದಲ್ಲಾಳಿ ಹೇಳಿದ. ಈಗ ಅದು ಹೋಂಸ್ಟೇ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಾಗಿಲು ಹಾಕಿರುತ್ತದೆ.